ಲೈಟ್‌ವೇಟ್ ಸರ್ವರ್ ಅಪಹರಣ

“ನಿಮ್ ಸರ್ವರ್ ನಮ್ ಹತ್ರ ಐತೆ. ಬಿಳೇಕಹಳ್ಳಿ ದಾಟಿದ್ ತಕ್ಷಣ ಫಾರ್ಮ್ಯಾಟ್ ಮಾಡಿ ಕೆರೆಗೆ ಬಿಸಾಕ್ತೀವಿ!”

ಫೋನಿನಲ್ಲಿ ಗೊಗ್ಗರು ದನಿ.

ನನಗೆ ನಗು ಬಂತು. ಏಕೆಂದರೆ ಸಾರ್... ಸರ್ವರ್ ನನ್ನ ತೊಡೆಯ ಮೇಲಿತ್ತು! ಸೋಪಿನ ಡಬ್ಬಿಯಷ್ಟು ಪುಟ್ಟ ಕಂಪ್ಯೂಟರ್.

ಅಷ್ಟರಲ್ಲಿ ಫೋನಿನ ಆ ಕಡೆಯಿಂದಲೇ ಇನ್ನೊಂದು ದನಿ.

“ಚಿದಣ್ಣಾ... ನಂಗೆ ಈಜು ಬರಲ್ಲಾ!”

ನಗು ಅಲ್ಲಿಗೇ ನಿಂತಿತು.

ಅದು ಶ್ರೀಕರ್! ಜಯನಗರದ ಕಲ್ಯಾಣಿ ಮೇಡಂ ಹೊಟೇಲಿನಲ್ಲಿ ತಿಂಡಿ ತಂದಿಡುವವನು. ಫ್ಯಾನ್ ಹಾಕಿದರೆ ಕಂಬ ಹಿಡಿದುಕೊಳ್ಳುವಷ್ಟು ತೆಳ್ಳಗೆ. ಅಂಗಿಯ ಮೇಲೆ ದಪ್ಪ ಅಕ್ಷರದ ಕಸೂತಿ: ಸರ್ವರ್.

“ಲೋ, ಅವನು ಮನುಷ್ಯ ಕಣೋ! ಯಾರೋ ನೀನು?”

“ಯಲ್ಲಯ್ಯ! ದಿನೇಶ್ ಬಾಸ್ ಕಡೆಯವ್ನು. ‘ಕಲ್ಯಾಣಿ ಹೊಟೇಲ್ ಲೈಟ್‌ವೇಟ್ ಸರ್ವರ್‌ನ ಎತ್ಕೊಂಡೋಗಿ ಫಾರ್ಮ್ಯಾಟ್ ಮಾಡು’ ಅಂದವ್ರೆ. ಎದೆ ಮೇಲೇ ಬರ್ದೈತೆ. ಒಂದೇ ಕೈಲಿ ಎತ್ತಿದೆ, ಲೈಟ್‌ವೇಟೇ!”

“ಫಾರ್ಮ್ಯಾಟ್ ಅಂದ್ರೆ ಗೊತ್ತಾ ನಿಂಗೆ?”

“ಗೊತ್ತು. ಒಳಗಿರೋದೆಲ್ಲ ಹೊಂಟೋಯ್ತದೆ!”

ಫೋನ್ ಕಟ್.

ದಿನೇಶ್ ಎದುರು ಹೊಟೇಲಿನವನು. ಆಫೀಸುಗಳ ಆರ್ಡರ್ ಎಲ್ಲ ಮೇಡಂ ವೆಬ್‌ಸೈಟಿಗೇ ಹೋಗುತ್ತದೆಂದು ಅವನಿಗೆ ಹೊಟ್ಟೆಯುರಿ. ಆ ಸೈಟನ್ನು ಹೊಸ ಸರ್ವರ್ ಡಬ್ಬಿಗೆ ಸಾಗಿಸುತ್ತಿದ್ದವನು ನಾನು, ಚಿದಾನಂದ್.

ವಿಷಯ ಕೇಳಿದ್ದೇ ಮೇಡಂ ಸ್ಕೂಟರ್ ಹೊರಡಿಸಿದರು. ನಾನು ಹಿಂದೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಜೇಬಿನಲ್ಲಿ ಪವರ್ ಬ್ಯಾಂಕಿಗೆ ಕಟ್ಟಿದ ಸರ್ವರ್, ಬಾಯಲ್ಲಿ ಜೀವ!

ಪೊಲೀಸರಿಗೆ ಫೋನ್ ಮಾಡಿದೆ. “ಸಾರ್, ಸರ್ವರ್ ಕಿಡ್ನ್ಯಾಪ್ ಆಗಿದೆ!”

“ಸೈಬರ್ ಕ್ರೈಮ್‌ಗೆ ಹೋಗ್ರಿ.” ಇಟ್ಟೇಬಿಟ್ಟರು.

ದಿನೇಶ್ ನಮ್ಮಿಬ್ಬರ ನಂಬರನ್ನೂ ಬ್ಲಾಕ್ ಮಾಡಿದ್ದ. ಇನ್ನುಳಿದದ್ದು ಮಿಮಿಕ್ರಿ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದ ಕಂಠ ಸಾರ್ ಇದು! ಮೇಡಂ ಅವರ ಎರಡನೇ ಸಿಮ್‌ನಿಂದ, ಯಲ್ಲಯ್ಯ ಕಿತ್ತುಕೊಂಡಿದ್ದ ಶ್ರೀಕರನ ಫೋನಿಗೇ ಹೊಡೆದೆ.

“ಲೋ ಯಲ್ಲಯ್ಯ, ದಿನೇಶ್ ಕಣೋ. ಅವನ್ನ ಬಿಟ್ಬಿಡು.”

“ಸರಿ ಬಾಸ್.”

“ಥ್ಯಾಂಕ್ಸ್.”



“ನಮ್ ಬಾಸು ಹುಟ್ಟಿದಾಗಿಂದ ಥ್ಯಾಂಕ್ಸ್ ಅಂದಿಲ್ಲ. ಯಾವನೋ ನೀನು?”

ಕೆಟ್ಟಿತು ಕೆಲಸ!

ಲ್ಯಾಪ್‌ಟಾಪಿನಲ್ಲಿ ಸೈಟಿಗೆ ಬಂದುಹೋದವರ ಪಟ್ಟಿ, ಸರ್ವರ್ ಲಾಗ್, ಕಣ್ಣಿಗೆ ಬಿತ್ತು. ಒಂದೇ ಫೋನಿನಿಂದ ರಿಫ್ರೆಶ್, ರಿಫ್ರೆಶ್, ರಿಫ್ರೆಶ್... ದಿನೇಶ್! ಸೈಟು ಸತ್ತಿದೆಯೇ ಎಂದು ನೋಡುತ್ತಿದ್ದಾನೆ. ಸತ್ತೇ ಇದೆ, ನಾನಿನ್ನೂ ಸಾಗಿಸಿ ಮುಗಿಸಿಲ್ಲ. ಅದಕ್ಕೇ ಯಲ್ಲಯ್ಯ ಕೆಲಸ ಮುಗಿಸಿದ ಎಂದುಕೊಂಡಿದ್ದಾನೆ!

ಸೈಟಿಗೆ ಜೀವ ಬಂದರೆ ಶ್ರೀಕರನಿಗೂ ಜೀವ.

“ಸುಮ್ನೆ ಒಂದು ಪುಟ ಹಾಕ್ಬಿಡು!” ಮೇಡಂ ಬಸ್ಸಿಗೂ ಡಿವೈಡರಿಗೂ ನಡುವೆ ನುಗ್ಗಿದರು.

“ಹಳೇ ಪುಟ ಅನ್ಕೋತಾನೆ ಮೇಡಂ! ನೋಡಿದಾಗೆಲ್ಲ ಟೈಮ್ ಬದಲಾಗ್ಬೇಕು. ಅದಕ್ಕೆ ಪಿಎಚ್‌ಪಿ ಓಡ್ಬೇಕು. ಈ ಸರ್ವರ್ ಅದನ್ನ ಓಡಿಸದೆ ಕೋಡನ್ನೇ ಸುರೀತಿದೆ!”

“ಕನ್ನಡದಲ್ಲಿ ಹೇಳೋ!”

“ಇದಕ್ಕೆ ಅಡುಗೆಮನೆ ಎಲ್ಲಿದೆ ಗೊತ್ತಿಲ್ಲ! ದೋಸೆ ಕೇಳಿದ್ರೆ ಹಿಟ್ಟು ತಂದಿಡ್ತಿದೆ!”

“ತೋರ್ಸು ಅಡುಗೆಮನೆ!”

ಕಾನ್ಫಿಗ್ ಫೈಲ್ ತೆರೆದೆ. ಅಡುಗೆಮನೆಗೆ ಆರ್ಡರ್ ಒಯ್ಯುವ ಫಾಸ್ಟ್‌ಸಿಜಿಐ ಮಾಡ್ಯೂಲ್ ಆನ್! ಪಿಎಚ್‌ಪಿ ಪುಟ ಕೇಳಿದರೆ ನೀನೇ ಬಡಿಸಬೇಡ, ಅಡುಗೆಮನೆ ಬಾಗಿಲಾದ ಈ ಸಾಕೆಟ್ಟಿಗೆ ಒಪ್ಪಿಸು... ರಸ್ತೆಯಲ್ಲಿ ಹಂಪ್! ಒಂದು ಬ್ರಾಕೆಟ್ ಎರಡಾಯಿತು. ಅಳಿಸಿದೆ. ರೀಸ್ಟಾರ್ಟ್!

ಪರದೆಯ ಮೇಲೆ ಎರರ್: ೫೦೩.

“ಏನಾಯ್ತು?”

“ಅಡುಗೆಮನೆ ಸಿಕ್ತು. ಭಟ್ಟರೇ ಬಂದಿಲ್ಲ!”

ಭಟ್ಟರನ್ನು, ಅಂದರೆ ಪಿಎಚ್‌ಪಿಯನ್ನು, ಎಬ್ಬಿಸಿದೆ. ರಿಫ್ರೆಶ್!

ಬಂತು ಸಾರ್... ಮೆನು ಬಂತು! ಮೇಲೆ ಸೆಕೆಂಡು ಸಮೇತ ಸಮಯ, ಪ್ರತಿ ರಿಫ್ರೆಶ್‌ಗೂ ಹೊಸದು. ಕೆಳಗೆ ನಾನು ಸೇರಿಸಿದ ಸಾಲು: ‘ದಿನೇಶ್, ಸರ್ವರ್ ಇಲ್ಲಿದೆ. ನಿನ್ನವರು ಎತ್ತಿದ್ದು ಶ್ರೀಕರ್‌ನ.’

ಲಾಗ್‌ನಲ್ಲಿ ಆ ಫೋನು ಮೂರು ಸಲ ಇಣುಕಿತು. ಆಮೇಲೆ ನಿಂತಿತು.

ಬಿಳೇಕಹಳ್ಳಿ ದಾಟಿದೆವು. ಕೆರೆ ಏರಿಯ ಮೇಲೆ ಟೆಂಪೋ. ಯಲ್ಲಯ್ಯನ ಒಂದು ಕೈಯಲ್ಲಿ ಶ್ರೀಕರನ ಕಾಲರ್, ಇನ್ನೊಂದರಲ್ಲಿ ಫೋನು. ದಿನೇಶನ ಅರಚಾಟ ನಮಗೂ ಕೇಳುತ್ತಿತ್ತು.

“ಲೋ ದಂಡಪಿಂಡ! ಸರ್ವರ್ ಇನ್ನೂ ಓಡ್ತಿದೆ ಕಣೋ!”

ಯಲ್ಲಯ್ಯ ಶ್ರೀಕರನನ್ನು ಮೇಲಿಂದ ಕೆಳಗೆ ನೋಡಿದ.

“ಇಲ್ಲ ಬಾಸ್... ನಿಂತೈತೆ.”

ತಲೆ ಕೆರೆದುಕೊಳ್ಳಲು ಕಾಲರ್ ಬಿಟ್ಟ. ಅಷ್ಟೇ! ಶ್ರೀಕರ್ ಪರಾರಿ!

“ಹೂಂ ಬಾಸ್! ಈಗ ಓಡ್ತೈತೆ!”

ಶ್ರೀಕರ್ ಹಾರಿ ನನ್ನ ಹಿಂದೆ ಕೂತ. ಮೇಡಂ ಆಕ್ಸಿಲರೇಟರ್ ತಿರುಚಿದರು. ಈ ಸಲ ಪೊಲೀಸರಿಗೆ ‘ಸರ್ವರ್’ ಎನ್ನಲಿಲ್ಲ, ‘ಮನುಷ್ಯ’ ಎಂದೆ. ಜೀಪು ಹಾರಿ ಬಂತು!

ಮಧ್ಯಾಹ್ನ ಹೊಸ ಸೈಟಿಗೆ ಮೊದಲ ಆರ್ಡರ್. ಎರಡು ಊಟ. ಹೆಸರು: ದಿನೇಶ್, ಯಲ್ಲಯ್ಯ. ವಿಳಾಸ: ಪೊಲೀಸ್ ಠಾಣೆ.

“ಕೊಟ್ಟು ಬರ್ತೀಯೇನೋ?” ಎಂದರು ಮೇಡಂ.

ಶ್ರೀಕರ್ ಕೊಟ್ಟು ಬಂದ. ಜೈಲೂಟ ಅಭ್ಯಾಸವಾಗಲಿ ಎಂದು... ಉಪ್ಪಿಲ್ಲದೆ!