ನನ್ನದಲ್ಲದ ಕೈಬರಹದಲ್ಲಿ ನನ್ನ ಕಥೆ

ಆ ಬೆಳಿಗ್ಗೆ ಮಳೆಯಿರಲಿಲ್ಲ, ಮೋಡವೂ ಇರಲಿಲ್ಲ. ಬರೀ ಗಾಳಿ. ಒಂದು ಬೀದಿಯ ಧೂಳನ್ನೆಲ್ಲ ಎತ್ತಿ ಇನ್ನೊಂದು ಬೀದಿಗೆ ಸುರಿಯುತ್ತಿದ್ದ, ಯಾರ ಮಾತನ್ನೂ ಕೇಳದ ಗಾಳಿ.

ಅಂಥ ದಿನ ಬೈಂಡಿಂಗ್ ಅಂಗಡಿಯ ಬಾಗಿಲನ್ನು ಯಾರೂ ತೆರೆದಿಡುವುದಿಲ್ಲ. ಒಳಗೆ ಬೈಂಡರ್ ಮಗಳು ಹೊಲಿಗೆ ಬಿಚ್ಚಿದ ಹಳೆಯ ನಿಘಂಟೊಂದರ ಹಾಳೆಗಳನ್ನು ಪುಟದ ಕ್ರಮಕ್ಕೆ ಜೋಡಿಸುತ್ತ ಕಡೆಯ ಕಂತೆಗೆ ಬಂದಿದ್ದಳು. ಎರಡು ದಿನದ ಕೆಲಸ.

ಬಾಗಿಲು ತೆರೆಯಿತು.

"ಅಯ್ಯೋ, ಮುಚ್ರೀ!"

ಅಷ್ಟರಲ್ಲಿ 'ಅ'ದಿಂದ ಹಿಡಿದು 'ಳ'ವರೆಗೆ ಎಲ್ಲವೂ ಹಾರಿಹೋಗಿತ್ತು.

ಹೊಸ್ತಿಲಲ್ಲಿ ಒಬ್ಬ ಯುವಕ. ಕಂಕುಳಲ್ಲಿ ಹರಿದ ಪುಸ್ತಕಗಳ ಪೆಟ್ಟಿಗೆ, ಮುಖಕ್ಕೆ ಅಂಟಿಕೊಂಡ ಒಂದು ಹಾಳೆ. ಗಾಬರಿಯಲ್ಲಿ ಒಳಗೆ ಹೆಜ್ಜೆಯಿಟ್ಟವನ ತಲೆ ಬಾಗಿಲ ಮೇಲಿನ ಪಟ್ಟಿಗೆ ಠಣ್ಣೆಂದು ಬಡಿಯಿತು.

"ನಾನು... ಲೈಬ್ರರಿಯಿಂದ ಬಂದೆ."

"ಲೈಬ್ರರೀಲಿ ಬಾಗಿಲು ಮುಚ್ಚೋದು ಹೇಳ್ಕೊಡಲ್ವಾ?"

"ಪುಸ್ತಕ ಮುಚ್ಚೋದು ಮಾತ್ರ ಹೇಳ್ಕೊಟ್ಟಿದ್ದಾರೆ."

ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು. ಅವನು ನೆಲದ ಮೇಲೆ ಕೂತು, ಸಂಜೆಯವರೆಗೂ ಹಾಳೆ ಹೆಕ್ಕಿ ಕ್ರಮಕ್ಕೆ ಜೋಡಿಸಿಕೊಟ್ಟ. ತಾಯಿಯಿಲ್ಲದ ಆ ಮನೆಯನ್ನು ನಡೆಸುತ್ತಿದ್ದ ಅವಳ ಸೋದರತ್ತೆ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಯಾರೇ ಇದು, ಏಣಿ ತಂದು ಅಂಗಡೀಲಿ ನಿಲ್ಸಿದ್ದೀಯ?"

ಅಂದಿನಿಂದ ಅವನ ಹೆಸರು ಏಣಿ.

ಅಂಟಿನ ಡಬ್ಬಿಯ ಮೇಲೆ ಗೋಡೆಗೆ ಚುಚ್ಚಿದ್ದ ಕಾಗದವೊಂದು ಆ ದಿನವೇ ಏಣಿಯ ಕಣ್ಣಿಗೆ ಬಿತ್ತು. ಹಳೆಯ ಪುಸ್ತಕಗಳನ್ನೂ ಕೈಬರಹದ ಪ್ರತಿಗಳನ್ನೂ ಉಳಿಸಿಕೊಳ್ಳುವ ವಿದ್ಯೆ, ಮೂರು ವರ್ಷದ ಓದು. ಅವಳಿಗೆ ಸೀಟು ಸಿಕ್ಕಿತ್ತು.

"ಫೀಸು?"

"ಅದೊಂದೇ ತೊಂದರೆ. ಸ್ಕಾಲರ್‌ಶಿಪ್‌ಗೆ ಹಾಕಿದ್ದೆ. ನನಗಿಂತ ಜಾಣರಿಗೆ ಸಿಕ್ತು."

"ಎಲ್ಲರೂ ಕೇಳೋದನ್ನ ಕೇಳಿದ್ರೆ ಹಾಗೇ. ಯಾರೂ ಕೇಳದೇ ಇರೋವೂ ಇದಾವೆ."

ಲೈಬ್ರರಿಯಲ್ಲಿ ಅವನ ಮೇಜಿಗೆ ಒಂದು ಡ್ರಾಯರ್ ಇತ್ತು. ಹಳೆಯ ಟ್ರಸ್ಟುಗಳ ವರದಿ, ಸ್ಮರಣ ಸಂಚಿಕೆಗಳ ಕೊನೆಯ ಪುಟ, ಯಾರೂ ಓದದ ಸಣ್ಣಕ್ಷರದ ಪ್ರಕಟಣೆ... ಅಂಥ ಸ್ಕಾಲರ್‌ಶಿಪ್ ಎಲ್ಲಿ ಸಿಕ್ಕರೂ ಬಿಡದೆ ಅವನು ಚೀಟಿಯಲ್ಲಿ ಬರೆದಿಡುತ್ತಿದ್ದ. ಎಡಗೈಯಲ್ಲಿ ಬರೆಯುವವರಿಗೆ. ಅವಳಿಗಳಲ್ಲಿ ಎರಡನೆಯವರಿಗೆ. ಜೇನು ಸಾಕುವವರ ಮಕ್ಕಳಿಗೆ. ಯಾವ ಪುಣ್ಯಾತ್ಮರೋ ಯಾವುದೋ ನೋವಿಗೋ ನೆನಪಿಗೋ ಮೀಸಲಿಟ್ಟದ್ದು ಕೇಳುವವರಿಲ್ಲದೆ ವರ್ಷಗಟ್ಟಲೆ ಕೂತಿರುತ್ತಿತ್ತು.

"ನಾನು ಓದಿದ್ದೂ ಅಂಥದ್ದರಿಂದಲೇ. ಆರಡಿ ಮೀರಿದ ಬಡ ವಿದ್ಯಾರ್ಥಿಗೆ ಅಂತ ಇತ್ತು. ಹನ್ನೆರಡು ವರ್ಷ ಯಾರೂ ಅರ್ಜಿನೇ ಹಾಕಿರ್ಲಿಲ್ಲ."

"ಅಳತೆ ತಗೊಂಡ್ರಾ?"

"ಚಪ್ಪಲಿ ಬಿಚ್ಚಿಸಿ."

ಸಂಜೆಗಳು ಹೀಗೆ ಶುರುವಾದವು. ಅಂಥ ಟ್ರಸ್ಟುಗಳಿಗೆ ಅಚ್ಚು ಹಾಕಿದ ಅರ್ಜಿಯೆಂಬುದಿಲ್ಲ, ಒಂದು ಕಾಗದ ಬರೆದರೆ ಸಾಕು. ಅವಳ ಕೈ ತುಂಬ ಅಂಟು, ಅವನದು ಮುತ್ತಿನಂಥ ಅಕ್ಷರ. ಒಂದು ದಿನ ಅವನು ಹತ್ತು ಬಿಳಿ ಹಾಳೆ ಮುಂದಿಟ್ಟ.

"ಕೆಳಗೆ ಸಹಿ ಹಾಕಿಟ್ಟಿರು. ಪ್ರತಿ ಸಲ ಕೈ ತೊಳ್ಕೊಂಡು ಬರೋದು ತಪ್ಪುತ್ತೆ."

"ಆಸ್ತಿ ಬರೆಸ್ಕೊಂಡ್ಬಿಟ್ರೆ?"

"ಏನಿದೆ ಆಸ್ತಿ?"

"ಒಂದು ಅಂಟಿನ ಡಬ್ಬಿ."

"ಡಬ್ಬಿ ಜೊತೆ ಯಜಮಾನ್ತಿನೂ ಬರ್ತಾಳಾ?"

ಅವಳು ತಲೆ ಎತ್ತದೆ ಹತ್ತಕ್ಕೂ ಸಹಿ ಹಾಕಿದಳು. ಕಿವಿ ಮಾತ್ರ ಕೆಂಪಾಗಿತ್ತು.

ಮೊದಮೊದಲು ಅವನು ಬರೆದದ್ದನ್ನು ಓದಿ ನೋಡುತ್ತಿದ್ದಳು. ಆಮೇಲೆ ಓದುವುದನ್ನೇ ಬಿಟ್ಟಳು. ಆರು ಕಾಗದ ಹೋದವು. ಆರಕ್ಕೂ ಇಲ್ಲವೆಂಬ ಉತ್ತರ, ಇಲ್ಲವೇ ಉತ್ತರವೇ ಇಲ್ಲ.

ಲೈಬ್ರರಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಒಮ್ಮೆ ಅವನು ಕೇಳಿದ. "ನಿಮ್ಮಪ್ಪನ ಬಲಗೈಗೆ ಏನಾಯ್ತು?"

ಅವಳು ಉಗುರಿಗಂಟಿದ್ದ ಒಣ ಅಂಟನ್ನು ಕೆರೆದಳು.

"ಆಗ ಅಪ್ಪ ಅಚ್ಚುಕೂಟದಲ್ಲಿ ಕಾಗದ ಕತ್ತರಿಸೋ ಮಿಷನ್ ಮೇಲಿದ್ರು. ನನಗೆ ಆರು ವರ್ಷ. ಬಾಗಿಲಲ್ಲಿ ನಿಂತು ಅಪ್ಪಾ ಅಂತ ಕೂಗಿದೆ. ಅಪ್ಪ ತಿರುಗಿದ್ರು, ಅಲಗು ಇಳೀತು. ಎರಡು ಬೆರಳು... ಆಸ್ಪತ್ರೇಲಿ ಅಪ್ಪ ಯಜಮಾನರಿಗೆ ಹೇಳ್ತಿದ್ದಿದ್ದು ನನ್ನ ಕಿವಿಗೆ ಬಿತ್ತು. 'ಮಗು ಕೂಗ್ತು, ತಿರುಗಿದೆ' ಅಂತ. ನನಗೆ ಗೊತ್ತು ಅಂತ ಅಪ್ಪಂಗೆ ಇವತ್ತಿಗೂ ಗೊತ್ತಿಲ್ಲ. ಯಾರಿಗೂ ಹೇಳ್ಬೇಡಿ."

"ನಿನ್ನಾಣೆ, ಹೇಳಲ್ಲ."

ಅವನ ಅಂಗೈ ಅವಳ ಅಂಗೈ ಮೇಲಿತ್ತು. ಹದಿನಾಲ್ಕು ವರ್ಷ ಒಬ್ಬಳೇ ಹೊತ್ತ ಭಾರಕ್ಕೆ ಇನ್ನೊಂದು ಹೆಗಲು ಸಿಕ್ಕಿತೆಂದು ಅವಳು ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು.

ಒಂದು ಶನಿವಾರ ಮಧ್ಯಾಹ್ನ ಅಪ್ಪನ ಹೆಸರಿಗೆ ಒಂದು ಲಕೋಟೆ ಬಂತು. ಅಪ್ಪನಿಗೆ ಕನ್ನಡಕ ಸಿಗಲಿಲ್ಲ. ಅತ್ತೆಯೇ ಒಡೆದು ಗಟ್ಟಿಯಾಗಿ ಓದಿದರು.

"'ನಿಮ್ಮ ಮಗಳ ಅರ್ಜಿ ತಲುಪಿದೆ. ಹನ್ನೊಂದು ವರ್ಷಗಳಲ್ಲಿ ನಮಗೆ ಬಂದ ಮೊದಲ ಅರ್ಜಿಯಿದು. ಬಾಲ್ಯದಲ್ಲಿ ಆಕೆ ಕೂಗಿ ಕರೆದಿದ್ದರಿಂದ ತಾವು ತಿರುಗಿ ನೋಡಿ ಬೆರಳುಗಳನ್ನು ಕಳೆದುಕೊಂಡ ವಿವರ ಓದಿ ಮನಸ್ಸು ಕರಗಿತು. ಈ ವಿವರ ನಿಜವೆಂದು ತಾವು ಸಹಿ ಮಾಡಿ, ಮುಂದಿನ ಶುಕ್ರವಾರದೊಳಗೆ ತಲುಪುವಂತೆ...'"

ಅತ್ತೆಯ ದನಿ ಅಲ್ಲಿಗೇ ನಿಂತಿತು.

ಅಪ್ಪನ ಕೈಯಲ್ಲಿದ್ದ ದಾರದ ಉಂಡೆ ಉರುಳಿ ಮೇಜಿನ ಕೆಳಗೆ ಹೋಯಿತು. ಅವರು ಮಗಳ ಮುಖ ನೋಡಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದುಬಿಟ್ಟರು.

ಲಕೋಟೆಯಲ್ಲಿ ಅರ್ಜಿಯ ಪ್ರತಿಯೂ ಇತ್ತು. ಎರಡು ಹಾಳೆ. ಮುತ್ತಿನಂಥ ಅಕ್ಷರ. ಕೊನೆಯಲ್ಲಿ ಅವಳದೇ ಸಹಿ.

'ಇವನಾ? ಇವನೇನಾ...?'

ಅವಳು ಲೈಬ್ರರಿಗೆ ಓಡಲಿಲ್ಲ. ಕೈ ತೊಳೆದುಕೊಂಡು, ಅಂಟೆಲ್ಲ ಹೋಗುವವರೆಗೂ ತೊಳೆದುಕೊಂಡು, ನಿಧಾನ ನಡೆದುಹೋದಳು. ಎರಡೂ ಹಾಳೆಗಳನ್ನು ಅವನ ಮುಂದಿಟ್ಟಳು.

ಅವನ ಮುಖ ಬಿಳಿಚಿತು. "ಫೀಸಿನ ದಿನ ಹತ್ರ ಬಂದಿತ್ತು. ಉಳಿದಿದ್ದು ಇದೊಂದೇ. ಕೇಳಿದ್ರೆ ನೀನು ಬೇಡ ಅಂತಿದ್ದೆ..."

"ಹೌದು, ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ, ಅಲ್ವಾ?"

ಅವನು ಹಾಳೆಗಳನ್ನು ತನ್ನತ್ತ ಎಳೆದುಕೊಂಡ.

"ಆ ಚೀಟಿ ಕೊಡಿ."

ಡ್ರಾಯರಿನಿಂದ ತೆಗೆದುಕೊಟ್ಟ. ಅವಳು ಓದಿದಳು. 'ಅಚ್ಚುಕೂಟದ ಕೆಲಸದಲ್ಲಿ ಅಂಗ ಕಳೆದುಕೊಂಡವರ ಮಕ್ಕಳಿಗೆ. ತಪ್ಪು ಯಾರದೆಂದು ಕೇಳತಕ್ಕದ್ದಲ್ಲ. ಅರ್ಜಿ ಅಭ್ಯರ್ಥಿಯ ಸ್ವಂತ ಕೈಬರಹದಲ್ಲಿರತಕ್ಕದ್ದು.'

"ತಪ್ಪು ಯಾರದು ಅಂತ ಅವರು ಕೇಳೋದೇ ಇಲ್ಲ ಅಂದಿದ್ದಾರೆ. ನೀವ್ಯಾಕೆ ಹೇಳಿದ್ರಿ? ನಾಲ್ಕು ಸಾಲು ಸಾಕಾಗಿತ್ತು. ಎರಡು ಹಾಳೆ ಬರೆದಿದ್ದೀರ."

"ಓದಿದೋರ ಮನಸ್ಸು ಕರಗಲಿ ಅಂತ..."

"ಕರಗಿತು. ನಮ್ಮಪ್ಪನ ಮುಖ ನೀವು ನೋಡಬೇಕಿತ್ತು." ಅವಳ ದನಿ ಏರಲಿಲ್ಲ. "ಊರಲ್ಲಿ ಯಾರೂ ಓದದ ಸಣ್ಣಕ್ಷರ ಓದೋರು ನೀವು. ಸ್ವಂತ ಕೈಬರಹ ಅನ್ನೋದು ಕಾಣಲಿಲ್ವಾ? ಇಷ್ಟುದ್ದ ಬೆಳೆದು ಏನು ಬಂತು, ಎದುರಿಗೆ ಕೂತಿದ್ದವಳೇ ಕಾಣಲಿಲ್ಲ ನಿಮಗೆ."

ಮರುದಿನ ಅಪ್ಪ ಅಂಗಡಿಯ ಬೆಂಚಿನ ಮೇಲೆ ಕೂತು ಮಗಳನ್ನು ಕರೆದರು. ಪಕ್ಕದಲ್ಲಿ ಸಹಿಯಾಗದ ಕಾಗದ.

"ಇದಕ್ಕೆ ನಾನು ಸಹಿ ಹಾಕಲ್ಲ ಮರಿ."

"ಬೇಡಪ್ಪ. ನಾನೂ ಕೇಳಲ್ಲ. ತಪ್ಪಾಯ್ತು. ಅವತ್ತು ನಾನು ಕೂಗದೇ ಇದ್ದಿದ್ರೆ..."

"ತಡಿ. ಇದು ಸುಳ್ಳು, ಅದಕ್ಕೇ ಹಾಕಲ್ಲ." ಅಪ್ಪ ತಮ್ಮ ಕೈಯನ್ನೇ ನೋಡುತ್ತಿದ್ದರು. "ಆ ಮಿಷನ್ ಮುಂದೆ ಒಂದು ಕಬ್ಬಿಣದ ಪಟ್ಟಿ ಇರ್ತಿತ್ತು, ಕೈ ಒಳಗೆ ಹೋಗದ ಹಾಗೆ. ಅದಿದ್ರೆ ಕೆಲಸ ಸಾಗಲ್ಲ ಅಂತ ನಾನೇ ಬಿಚ್ಚಿಟ್ಟಿದ್ದೆ. ಬೆರಳು ಹೋಯ್ತು, ನಾನು ಕಿರುಚಿದೆ. ಆಮೇಲೆ ನೀನು ಅಪ್ಪಾ ಅಂದಿದ್ದು. ಹೆದರಿ ಅಂದಿದ್ದು."

ಅವಳು ತಲೆ ಎತ್ತಿ ಅಪ್ಪನನ್ನೇ ನೋಡಿದಳು.

"ಪಟ್ಟಿ ಬಿಚ್ಚಿದ್ದು ನಾನು ಅಂದ್ರೆ ಕೆಲಸ ಹೋಗ್ತಿತ್ತು. ಮಗು ಕೂಗ್ತು ಅಂದ್ಬಿಟ್ಟೆ. ಆರು ವರ್ಷದ ಕೂಸಿಗೆ ಏನು ಗೊತ್ತಾಗುತ್ತೆ ಅಂದ್ಕೊಂಡೆ. ನನ್ನ ತಪ್ಪನ್ನ ಇಷ್ಟು ವರ್ಷ ನೀನು ಹೊತ್ಕೊಂಡಿದ್ದೆ ಅಂತ ನಿನ್ನೆ ಗೊತ್ತಾಯ್ತು."

'ಅಪ್ಪ, ನೀವೂನಾ...'

ಅವಳು ನಂಬಿದವರು ಇಬ್ಬರೇ. ಒಬ್ಬರು ಅವಳ ಕೂಗನ್ನು ಬಳಸಿಕೊಂಡಿದ್ದರು, ಇನ್ನೊಬ್ಬ ಅವಳ ಸಹಿಯನ್ನು. ಕೇಳದೆ. ಅವಳ ಒಳ್ಳೆಯದಕ್ಕೆಂದೇ. ಅವಳು ಅತ್ತಳು. ಸಿಟ್ಟಿಗೋ, ಹಗುರಾದದ್ದಕ್ಕೋ ಅವಳಿಗೇ ತಿಳಿಯಲಿಲ್ಲ. ಅಪ್ಪ ಮೂರು ಬೆರಳ ಕೈಯನ್ನು ಅವಳ ತಲೆಯ ಮೇಲಿಡಲು ಹೋಗಿ, ಹಿಂದಕ್ಕೆಳೆದುಕೊಂಡರು. ಅವಳೇ ಆ ಕೈ ಹಿಡಿದು ತಲೆಯ ಮೇಲಿಟ್ಟುಕೊಂಡಳು.

ಬಾಗಿಲಲ್ಲಿದ್ದ ಅತ್ತೆ ಮೂಗು ಸೀಟಿದರು. "ಅಪ್ಪ ಮಗಳು ಅತ್ತು ಮುಗಿಸಿ. ಮುಗಿದ ಮೇಲೆ ಒಂದು ಹಾಳೆ ತಗೊಂಡು ನಿಜ ಬರಿ. ಶುಕ್ರವಾರ ನಿಮಗೋಸ್ಕರ ಕಾಯಲ್ಲ."

ನಾಲ್ಕು ಸಾಲು. ಅದಕ್ಕೆ ಎರಡು ದಿನ ಹಿಡಿಯಿತು. 'ನನ್ನ ತಂದೆ ಅಚ್ಚುಕೂಟದ ಕೆಲಸದಲ್ಲಿ ಎರಡು ಬೆರಳು ಕಳೆದುಕೊಂಡರು. ಉಳಿದ ಬೆರಳುಗಳಿಂದ ನನಗೆ ಪುಸ್ತಕ ಹೊಲಿಯುವುದನ್ನು ಕಲಿಸಿದರು. ಅದನ್ನೇ ಮುಂದೆ ಓದಬೇಕೆಂದಿದ್ದೇನೆ. ಈ ಹಿಂದೆ ನನ್ನ ಹೆಸರಿನಲ್ಲಿ ಬಂದದ್ದು ನಾನು ಬರೆದದ್ದಲ್ಲ.' ಅಕ್ಷರ ಸೊಟ್ಟ, ಒಂದು ಮೂಲೆಯಲ್ಲಿ ಅಂಟಿನ ಕಲೆ. ನಿಜವೆಂದು ಅಪ್ಪ ಸಹಿ ಹಾಕಿದರು.

ಬುಧವಾರ ಬೆಳಿಗ್ಗೆ ಗಾಳಿಯ ಸುಳಿವೇ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಆದರೂ ಏಣಿ ಹೊರಗೇ ನಿಂತಿದ್ದ. ಕೆದರಿದ ಕೂದಲು, ರಾತ್ರಿಯೆಲ್ಲ ಬಸ್ಸಿನಲ್ಲೇ ಕಳೆದವನಂತೆ ಮುದುಡಿದ ಅಂಗಿ.

"ಒಳಗೆ ಬರ್ಲಾ?"

ಮೊದಲ ಸಲ ಅವನು ಹೀಗೆ ಕೇಳಿದ್ದು. ಅವಳು ಸೂಜಿಗೆ ದಾರ ಪೋಣಿಸುತ್ತ ತಲೆಯಾಡಿಸಿದಳು.

"ಟ್ರಸ್ಟಿನೋರ ಹತ್ರ ಹೋಗಿದ್ದೆ. ವಯಸ್ಸಾದ ಅಮ್ಮ ಒಬ್ರು ನೋಡ್ಕೋತಾರೆ. ಅದು ಅವಳ ಕೈಬರಹ ಅಲ್ಲ, ಅವಳನ್ನ ಕೇಳೂ ಇಲ್ಲ ಅಂತ ಹೇಳ್ದೆ. ಆ ಅರ್ಜಿ ರದ್ದು ಮಾಡಿ, ಹಾಳೆ ವಾಪಸ್ ಕೊಟ್ರು. ನಿನ್ನ ಕಥೆ ಈಗ ಅವರ ಹತ್ರ ಒಂದಕ್ಷರ ಇಲ್ಲ."

"ನಿಮಗೇನಂದ್ರು?"

"ಲೈಬ್ರರಿಗೆ ಕಾಗದ ಬರೀತೀನಿ ಅಂದ್ರು. ನಾನೇ ಮೊದಲು ಹೋಗಿ ಹೇಳ್ಬಿಟ್ಟೆ. ಆ ಡ್ರಾಯರ್ ಈಗ ಬೇರೆಯವರ ಮೇಜಿಗೆ ಹೋಗಿದೆ." ಹೆಗಲ ಚೀಲದ ಪಟ್ಟಿ ಸರಿಮಾಡಿಕೊಂಡ. "ನಿನಗೆ ಒಳ್ಳೇದಾಗ್ಲಿ ಅಂತಿದ್ದೆ. ನಿನ್ನನ್ನೇ ಕಳ್ಕೊಂಡೆ. ಪ್ರೀತಿ ಇದೆ ಅಂತ ಕೇಳದೆ ಇರೋ ಹಕ್ಕು ಬರಲ್ಲ ಅಂತ ಗೊತ್ತಾಗೋಕೆ ಇಷ್ಟು ಬೇಕಾಯ್ತು."

ಅವನು 'ಪ್ರೀತಿ' ಎಂದದ್ದು ಅದೇ ಮೊದಲು. ಇಂಥ ಹೊತ್ತಿನಲ್ಲಿ.

ಅವಳು ಮೇಜಿನ ಮೇಲಿನ ಲಕೋಟೆ ತೋರಿಸಿದಳು. "ನಾನೇ ಬರೆದಿದ್ದೀನಿ. ಇವತ್ತು ಹಾಕಿದ್ರೆ ಶುಕ್ರವಾರ ತಲುಪುತ್ತೆ."

ಅವನ ಕೈ ಅಭ್ಯಾಸದಂತೆ ಮುಂದೆ ಬಂತು. ಅರ್ಧದಲ್ಲೇ ನಿಂತಿತು. "ಬೇಡ, ನೀನೇ ಹಾಕು. ನಾನು ಬೇಕಿದ್ರೆ ಜೊತೆಗೆ ಬರ್ತೀನಿ."

ಅಂಚೆಪೆಟ್ಟಿಗೆ ಬೀದಿಯ ಕೊನೆಯಲ್ಲಿತ್ತು. ಇಬ್ಬರೂ ಅಲ್ಲಿಯವರೆಗೆ ನಡೆದರು. ಲಕೋಟೆ ಒಳಗೆ ಬಿದ್ದ ಸದ್ದು ಕೇಳಿದ ಮೇಲೆ ಅವಳು ತಿರುಗಿದಳು.

"ನಾನು ಮರೆತಿಲ್ಲ. ಬೇಗ ಮರೆಯೋದೂ ಇಲ್ಲ."

"ಗೊತ್ತು."

"ಹೊಲಿಗೆ ಬಿಚ್ಚಿದ ಪುಸ್ತಕ ಬಿಸಾಕೋ ಮನೇಲಿ ಹುಟ್ಟಿದವಳಲ್ಲ ನಾನು. ಆದರೆ ಮತ್ತೆ ಹೊಲಿಯೋಕೆ ದಿನ ಹಿಡಿಯುತ್ತೆ."

"ಹಾಳೆ ಜೋಡಿಸಿಕೊಡ್ತಾ ಕೂತಿರ್ತೀನಿ. ಬಾಗಿಲು ಹಾಕ್ಕೊಂಡು."

ಅವಳ ತುಟಿಯಂಚು ಸಡಿಲಿತು. "ಬಾ. ಅತ್ತೆ ಕಾಯ್ತಿರ್ತಾರೆ."

ಬಾ. ಬನ್ನಿ ಅಲ್ಲ. ಅವನಿಗೆ ಕೇಳಿಸಿತು. ಕಣ್ಣು ಒರೆಸಿಕೊಳ್ಳುವ ನೆವದಲ್ಲಿ ಆಕಾಶ ನೋಡಿದ.

ಆಮೇಲೆ ಚೀಲದಿಂದ ಒಂದು ಮಡಿಕೆ ತೆಗೆದ. ಮೇಲೆ ಅವನ ಕೈಬರಹದ ಆ ಎರಡು ಹಾಳೆ. ಕೆಳಗೆ ಇನ್ನೂ ಏನೂ ಬರೆಯದ, ಅಡಿಯಲ್ಲಿ ಅವಳ ಸಹಿಯಷ್ಟೇ ಇದ್ದ ಮೂರು ಬಿಳಿ ಹಾಳೆ. ಎರಡೂ ಕೈಯಲ್ಲಿ ಹಿಡಿದು ಅವಳ ಕೈಗೆ ಕೊಟ್ಟ.