ಸ್ಟಿಯರಿಂಗ್ ಮೇಲೆ ಎದ್ದ ಬೆರಳು

ಹಳೇ ಎಣ್ಣೆಯ ಡಬ್ಬ ಹಿಡಿದು ಜನರೇಟರ್ ಶೆಡ್ಡಿನ ಹಿಂದೆ ಹೋದ ನೊಲೀನಳಿಗೆ ಮೊದಲು ಕಂಡದ್ದು ಬೂಟು. ಆಮೇಲೆ ಕಾಲು. ಆಮೇಲೆ, ತಲೆ ಇರಬೇಕಾಗಿದ್ದ ಜಾಗ.

ಡಬ್ಬ ಕೈಜಾರಿತು. ಚಿಪ್ಸ್ ಕರಿದು ಉಳಿದ ಎಣ್ಣೆ ಕೆಂಪು ಮಣ್ಣಿನ ಮೇಲೆ ಹರಿದು ರಕ್ತದೊಂದಿಗೆ ಬೆರೆಯಿತು.

ಸತ್ತವನು ಫಿನ್ ಹ್ಯಾಕೆಟ್. ಕಡಲಂಚಿನ ಮರುಭೂಮಿ ನಲ್ಲಾರ್ಬರ್ ಬಯಲಿನ ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರಿಗೊಂದರಂತೆ ವಿದ್ಯುತ್ ಕಾರುಗಳಿಗೆ ಚಾರ್ಜರ್ ಕೂರಿಸುತ್ತಿದ್ದವನು, ಕೆಟ್ಟರೆ ಸರಿಮಾಡುತ್ತಿದ್ದವನು. ಅವನದೇ ದೊಡ್ಡ ಸ್ಪ್ಯಾನರಿನಿಂದ ಅವನ ತಲೆ ಜಜ್ಜಿದ್ದರು. ಒಂದೇಟಲ್ಲ, ಐದಾರು. ಅವನ ವಿದ್ಯುತ್ ಪಿಕಪ್ ಗಾಡಿಯೂ ಮಾಯವಾಗಿತ್ತು.

ಸಾರ್ಜೆಂಟ್ ಮೊರಾಗ್ ಡೋಯ್ಲ್ ನೂರಹತ್ತು ಕಿಲೋಮೀಟರ್ ದೂರದ ಠಾಣೆಯಿಂದ ಒಬ್ಬಳೇ ಬಂದು ಇಳಿದಾಗ ಬೇಸಿಗೆಯ ಸಂಜೆ ಆರೂವರೆ. ಬಿಸಿಲು ಇನ್ನೂ ಸುಡುತ್ತಿತ್ತು. ಅವಳು ಮೊದಲು ನೋಡಿದ್ದು ಸತ್ತವನನ್ನಲ್ಲ, ಬದುಕಿದ್ದವನನ್ನು.

ಡೀಸೆಲ್, ಊಟ ಎರಡೂ ಸಿಗುವ ಬೆನೆಟ್ಸ್ ಟ್ಯಾಂಕ್ ರೋಡ್‌ಹೌಸಿನ ಮುಂದೆ ನಿಂತಿದ್ದ ದೊಡ್ಡ ಲಾರಿಯ ಮುಂಗಂಬಿಗೆ ಒಬ್ಬ ಯುವಕನನ್ನು ಸರಪಳಿಯಿಂದ ಬಿಗಿದಿದ್ದರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ದವಡೆ ಪಕ್ಕಕ್ಕೆ ಸರಿದು ಬಾಯಿಂದ ರಕ್ತ, ಜೊಲ್ಲು ಇಳಿಯುತ್ತಿದ್ದವು. ಅವನ ಕಾಲ ಬಳಿ ಏಳು ತಿಂಗಳ ಬಸುರಿ ಹೆಂಡತಿ ಐಸ್ ತುಂಬಿದ ಟವೆಲ್ ಹಿಡಿದು ಕೂತಿದ್ದಳು.

"ಬಿಚ್ರೋ ಅದನ್ನ!" ಮೊರಾಗ್ ಕೂಗಿದಳು.

"ಕೊಲೆಗಾರ ಇವ್ನು, ಸಾರ್ಜೆಂಟಮ್ಮ," ಎಂದ ಲಾರಿ ಚಾಲಕ ಡಾರ್ಸಿ. ಅವನ ಗೆಣ್ಣುಗಳ ಚರ್ಮ ಸುಲಿದಿತ್ತು. "ಇನ್ನೂ ಉಸಿರಾಡ್ತಿದಾನಲ್ಲ, ಅದೇ ಅವನ ಪುಣ್ಯ."

"ನೀವು ಇನ್ನೊಂದು ಗಂಟೆ ತಡ ಮಾಡಿ ಬಂದಿದ್ರೆ ಕಡಲಿನ ಬಂಡೆ ಮೇಲಿಂದ ಕೆಳಕ್ಕೆ ತಳ್ತಿದ್ವಿ," ಎಂದ ರೋಡ್‌ಹೌಸಿನ ಯಜಮಾನ ಕ್ಲೈವ್. "ಎಂಬತ್ತು ಮೀಟರ್ ಆಳ. ಯಾರು ಕೇಳ್ತಿದ್ರು?"

"ನಾನು ಕೇಳ್ತಿದ್ದೆ," ಎಂದು ಮೊರಾಗ್ ತಾನೇ ಸರಪಳಿ ಬಿಚ್ಚಿದಳು. ಯುವಕ ಅವಳ ಭುಜದ ಮೇಲೆ ಕುಸಿದ. ಊರಿನಲ್ಲಿದ್ದ ಅವಳ ಮಗನಿಗೂ ಹೆಚ್ಚುಕಡಿಮೆ ಇದೇ ವಯಸ್ಸು. ಕುಡಿಸಹೋದ ನೀರು ಮುರಿದ ದವಡೆಯಿಂದ ಹೊರಗೇ ಬಂತು. ಏನೋ ಹೇಳಲು ಹವಣಿಸಿದ. ಮಾತು ಹೊರಡಲಿಲ್ಲ. ತಮ್ಮ ಬಿಳಿ ಕಾರಿನ ಕಡೆ ಕೈ ತೋರಿಸಿದ, ಅಷ್ಟೆ.

ವಿಮಾನದಲ್ಲಿ ಬರುವ ಡಾಕ್ಟರಿಗೆ ಆಗಲೇ ಕರೆ ಹೋಗಿತ್ತು. ನಲವತ್ತು ಕಿಲೋಮೀಟರ್ ಪಶ್ಚಿಮಕ್ಕಿದ್ದ ವಿಮಾನದ ಪಟ್ಟಿಯಲ್ಲಿ ಅದು ಇಳಿಯಲು ಇನ್ನೂ ಒಂದು ಗಂಟೆ. ಇಲ್ಲಿ ತಾನೊಬ್ಬಳೇ, ಅಲ್ಲಿಯವರೆಗೆ ಇವನನ್ನು ಜೀವಂತ ಉಳಿಸಬೇಕು. ಮೊರಾಗ್ ಗಂಡಹೆಂಡಿರನ್ನು ತನ್ನ ಜೀಪಿನಲ್ಲಿ ಕೂರಿಸಿ ಬಾಗಿಲು ಹಾಕಿ, ಅದಕ್ಕೇ ಒರಗಿ ನಿಂತಳು.

"ಈಗ ಒಬ್ಬೊಬ್ರಾಗಿ ಹೇಳಿ. ಇವ್ನೇ ಅಂತ ಹೇಗೆ ಗೊತ್ತಾಯ್ತು?"

ಕ್ಲೈವ್ ಮುಂದೆ ಬಂದ. "ಆರಿಸ್ ಅಂತೆ ಹೆಸ್ರು. ಮೆಲ್ಬರ್ನಿನವ್ನು. ಬೆಳಿಗ್ಗೆ ಬಂದಾಗ ಕಾರಲ್ಲಿ ನಾಲ್ಕೇ ಪರ್ಸೆಂಟ್ ಚಾರ್ಜ್. ನಮ್ಮ ಚಾರ್ಜರ್ ಕೆಟ್ಟು ಕೂತಿತ್ತು. ಫಿನ್ ಮೇಲೆ ಎಗರಾಡಿದ. ಮೂರು ಗಂಟೆಯಿಂದ ಇವನ ಸುಳಿವಿಲ್ಲ, ಫಿನ್‌ದೂ ಇಲ್ಲ. ಐದೂವರೆಗೆ ನೋಡಿದ್ರೆ ಬಯಲಿನ ಕಡೆಯಿಂದ ಧೂಳು ಮೆತ್ಕೊಂಡು ನಡ್ಕೊಂಡು ಬರ್ತಿದಾನೆ! ಪಿಕಪ್ ಏಳು ಕಿಲೋಮೀಟರ್ ಪೂರ್ವಕ್ಕೆ ಪೊದೆಯಲ್ಲಿ ಬಿದ್ದಿದೆ. ಅದರ ಬ್ಯಾಟರಿ ಪೂರ್ತಿ ಖಾಲಿ. ಓಡಿಹೋಗ್ತಿದ್ದ, ಚಾರ್ಜ್ ಮುಗೀತು, ವಾಪಸ್ ಬಂದ. ಇನ್ನೇನು ಬೇಕು?"

"ನೀನೆಲ್ಲಿದ್ದೆ ಕ್ಲೈವ್?"

"ಹಿಂದೆ ಬೋರ್‌ವೆಲ್ ಪಂಪ್ ಹತ್ರ. ಮಧ್ಯಾಹ್ನವೆಲ್ಲ."

"ನೊಲೀನ್?"

ಅಡುಗೆಯ ನೊಲೀನಳ ಕಣ್ಣು ಕೆಂಪಾಗಿತ್ತು. "ನಾನಾ? ಆ ಹುಡುಗಿಗೆ ತಲೆಸುತ್ತು ಅಂತ ಅಡುಗೆಮನೆ ಬೆಂಚ್ ಮೇಲೆ ಮಲಗಿಸ್ಕೊಂಡು ಪಕ್ಕದಲ್ಲೇ ಆಲೂಗಡ್ಡೆ ಹೆಚ್ತಿದ್ದೆ. ಜನರೇಟರಿಗೆ ಕರಿದ ಎಣ್ಣೆ ತುಂಬೋಕೆ ಅಂತ ಐದಕ್ಕೆ ಹೊರಗೆ ಹೋದೆ, ಅಷ್ಟೆ."

"ಡಾರ್ಸಿ, ನೀನು?"

"ನಾನು ಪೂರ್ವದಿಂದ ಬರ್ತಿದ್ದೆ. ನಾಲ್ಕು ಗಂಟೆ ಸುಮಾರಿಗೆ ಫಿನ್ ಗಾಡಿ ಎದುರಿಗೆ ಹೋಯ್ತು."

"ಓಡಿಸ್ತಿದ್ದೋನ ಮುಖ ನೋಡಿದ್ಯಾ?"

"ಎಲ್ಲಿ ನೋಡೋದು? ಸೂರ್ಯ ನೇರ ಕಣ್ಣಿಗೆ ಹೊಡೀತಿದ್ದ. ಸ್ಟಿಯರಿಂಗ್ ಮೇಲೆ ಕೈ ಕಂಡಿದ್ದೇ ಹೆಚ್ಚು." ಡಾರ್ಸಿ ನೆಲಕ್ಕೆ ಉಗಿದ. "ಫಿನ್ನೇ ಅನ್ಕೊಂಡು ನಮಸ್ಕಾರ ಅಂತ ಬೆರಳೆತ್ತಿದೆ ನಾನು. ಆ ಬೇವರ್ಸಿ ಅಲ್ಲಿ ಹೆಣ ಕೆಡವಿ ಬಂದು ನಂಗೆ ವಾಪಸ್ ಬೆರಳೆತ್ತಿ ಹೋದ್ನಲ್ಲ!"

ಮೊರಾಗ್ ಜೀಪಿನ ಕಡೆ ತಿರುಗಿದಳು. ಬಾಗಿಲು ತೆರೆದು ಹುಡುಗಿಯ ತಲೆ ಸವರಿದಳು.

"ಎಲೆನಿ ಅಲ್ವಾ ನಿನ್ನ ಹೆಸ್ರು? ಒಂದೇ ಪ್ರಶ್ನೆ, ಮಗಳೇ. ಈ ದಾರೀಲಿ ಬರೋವಾಗ ಎದುರು ಗಾಡಿಯವರು ಬೆರಳೆತ್ತಿದ್ರೆ ನಿನ್ನ ಗಂಡ ಏನ್ ಮಾಡ್ತಿದ್ದ?"

ಎಲೆನಿ ಬೆಪ್ಪಾಗಿ ನೋಡಿದಳು. "ಬೆರಳಾ? ಹೌದು, ಎಲ್ರೂ ಎತ್ತುತ್ತಾರೆ. ನಂದೇನೋ ತಪ್ಪಾಗಿದೆ, ಬೈತಿದಾರೆ ಅಂತ ಇವ್ರು ಹೆದರಿ ಎರಡೂ ಕೈ ಇನ್ನೂ ಗಟ್ಟಿ ಹಿಡ್ಕೊಳ್ತಿದ್ರು. ಒಂದು ಸಲ ಗಾಡಿ ನಿಲ್ಲಿಸಿ ಟೈರೆಲ್ಲ ನೋಡಿದ್ರು. ಯಾಕಮ್ಮ? ಮಧ್ಯಾಹ್ನ ಕಡಲು ನೋಡಿ ಬರ್ತೀನಿ ಅಂತ ನಡ್ಕೊಂಡು ಹೋದೋರು ಇವ್ರು, ಅಷ್ಟೆ."

"ಸುಮ್ನೆ ಕೇಳ್ದೆ. ಕಾರಿನ ಕೀ ಕೊಡು."

ಮೊರಾಗ್ ಬಿಳಿ ಕಾರಿನಲ್ಲಿ ಕೂತು ಚಾಲೂ ಮಾಡಿದಳು. ಪರದೆಯ ಮೇಲಿನ ಅಂಕಿಯನ್ನು ಎರಡು ಸಲ ನೋಡಿದಳು. ಶೆಡ್ಡಿಗೆ ಹೋಗಿ ಹೆಣದ ಮೇಲಿನ ಹೊದಿಕೆ ಸರಿಪಡಿಸಿದಳು. ಪಕ್ಕದಲ್ಲೇ ಚಾರ್ಜರ್. ಅದರ ಬುಡದ ನಾಲ್ಕು ಬೋಲ್ಟುಗಳನ್ನು ಬಿಚ್ಚಿ ಒಂದು ತಗಡಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿತ್ತು. ಮೂಲೆಯಲ್ಲಿ ಕ್ಲೈವನ ಮೋಟರ್‌ಸೈಕಲ್. ಚಕ್ರದ ತುಂಬ ಬಯಲಿನ ಪೊದೆಯ ಹಸಿ ಚೂರುಗಳು.

ಅವಳು ವಾಪಸು ಬಂದಾಗ ಕೈ ಸೊಂಟದ ಪಿಸ್ತೂಲಿನ ಮೇಲಿತ್ತು.

"ಡಾರ್ಸಿ, ನೀನು ಹೊಡೆದಿದ್ದು ತಪ್ಪು ಮನುಷ್ಯನ್ನ."

"ಏನಂದ್ರಿ?"

"ಚಾರ್ಜರ್ ಬೆಳಿಗ್ಗೆಯಿಂದ ಸತ್ತಿದೆ. ಆರಿಸ್ ಕಾರಲ್ಲಿ ನಾಲ್ಕು ಪರ್ಸೆಂಟ್ ಇತ್ತು ಅಂತ ಕ್ಲೈವೇ ಹೇಳ್ದ. ಈಗ ಮೂವತ್ತೆಂಟಿದೆ. ಎಲ್ಲಿಂದ ಬಂತು? ಫಿನ್ ಕೊಟ್ಟ. ಬಸುರಿ ಹುಡುಗಿ ಅಂತ ತನ್ನ ಪಿಕಪ್ಪಿನ ಬ್ಯಾಟರಿಗೆ ಕೇಬಲ್ ಹಾಕಿ ಇವರ ಕಾರಿಗೆ ತುಂಬಿದ. ಪಿಕಪ್ ಖಾಲಿಯಾಗಿದ್ದು ಹಾಗೆ. ಅದು ಗೊತ್ತಿದ್ದ ಆರಿಸ್, ತನ್ನ ಕಾರು ಬಿಟ್ಟು ಆ ಖಾಲಿ ಗಾಡೀಲಿ ಯಾಕೆ ಓಡ್ತಾನೆ? ಹೆಂಡತೀನ ಬೇರೆ ಬಿಟ್ಟು?"

ಡಾರ್ಸಿ ತನ್ನ ಸುಲಿದ ಗೆಣ್ಣು ನೋಡಿಕೊಂಡ.

"ಇನ್ನು ಆ ಬೆರಳು. ಈ ದಾರೀಲಿ ಎದುರು ಗಾಡಿ ಕಂಡ್ರೆ ನಮ್ಮ ಬೆರಳು ತಾನಾಗೇ ಏಳುತ್ತೆ. ತಾಯಿ ಸತ್ತ ಸುದ್ದಿ ಕೇಳಿ ಓಡ್ತಿದ್ರೂ ಏಳುತ್ತೆ. ಹೊರಗಿನವರಿಗೆ ಅದು ಗೊತ್ತೇ ಇಲ್ಲ. ಆರಿಸ್ ಅದನ್ನ ಬೈಗುಳ ಅನ್ಕೊಂಡಿದ್ದ. ಪಿಕಪ್ ಓಡಿಸಿದೋನು ಈ ಬಯಲಿನವನೇ. ಡಾರ್ಸಿ ಎದುರಿಂದ ಬರ್ತಿದ್ದ. ನೊಲೀನ್ ಅಡುಗೆಮನೇಲಿದ್ಲು. ಉಳಿದವರು ಯಾರು?"

ಕ್ಲೈವ್ ನಕ್ಕ. ನಗು ತುಟಿಯಲ್ಲೇ ಒಣಗಿತು. "ಒಂದು ಬೆರಳಿಗೆ ನನ್ನ ಜೈಲಿಗೆ ಹಾಕ್ತೀಯಾ, ಮೊರಾಗ್?"

"ನಿನ್ನ ಮೋಟರ್‌ಸೈಕಲ್ಲೂ ಮಾತಾಡ್ತಿದೆ. ಅದನ್ನ ಪಿಕಪ್ ಹಿಂದೆ ಹಾಕ್ಕೊಂಡು ಹೋದೆ. ಗಾಡೀನ ಬಂಡೆ ಮೇಲಿಂದ ಕಡಲಿಗೆ ಉರುಳಿಸಿ ವಾಪಸ್ ಬರೋ ಲೆಕ್ಕ. ಡೀಸೆಲ್ ಮುಳ್ಳು ನೋಡಿ ಬೆಳೆದೋನು ನೀನು, ಪರದೆ ಮೇಲಿನ ಅಂಕಿ ನೋಡ್ಲಿಲ್ಲ. ಏಳು ಕಿಲೋಮೀಟರಿಗೆ ನಿಂತೋಯ್ತು. ಫಿನ್ ರಿಪೇರಿಗೆ ಬಂದಿರ್ಲಿಲ್ಲ, ಅಲ್ವಾ? ರಿಪೇರಿಗೆ ಯಾರೂ ಬುಡದ ಬೋಲ್ಟ್ ಬಿಚ್ಚಲ್ಲ. ಚಾರ್ಜರನ್ನೇ ಕಿತ್ಕೊಂಡು ಹೋಗೋಕೆ ಬಂದಿದ್ದ."

"ಪಕ್ಕದ ರೋಡ್‌ಹೌಸಿಗೆ!" ಕ್ಲೈವನ ದನಿ ಒಡೆಯಿತು. "ಅಲ್ಲಿ ಆರು ಚಾರ್ಜರ್ ಹಾಕ್ತಾರಂತೆ. ಲಾರಿಗಳು ಇಲ್ಲಿ ನಿಲ್ಲೋದು ಬಿಟ್ಟು ಎಷ್ಟು ವರ್ಷ ಆಯ್ತು? ಮೂವತ್ತು ವರ್ಷ ಈ ಧೂಳು ತಿಂದಿದೀನಿ! ಅವ್ನು ನಗ್ತಾ ಹೇಳ್ದ, 'ಬೇಜಾರಾಗ್ಬೇಡ ಕ್ಲೈವ್' ಅಂತ. ನಗ್ತಾ!"

ಮಾತು ಮುಗಿಯುವ ಮೊದಲೇ ಅವನು ನೆಲದ ಸರಪಳಿ ಎತ್ತಿ ಬೀಸಿದ. ಮೊರಾಗಳ ಎಡ ಮಣಿಕಟ್ಟು ಲಟಕ್ಕೆಂದಿತು. ಎರಡನೇ ಏಟು ಜೀಪಿನ ಮುಂದಿನ ಗಾಜಿಗೆ. ಒಳಗೆ ಎಲೆನಿ ಚೀರಿದಳು. ಮೂರನೆಯದು ಬೀಳುವ ಮೊದಲು ಡಾರ್ಸಿ ಗೂಳಿಯಂತೆ ನುಗ್ಗಿ ಕ್ಲೈವನನ್ನು ಕೆಡವಿದ. ಎದೆಯ ಮೇಲೆ ಕೂತು ಮುಖಕ್ಕೆ ಗುದ್ದತೊಡಗಿದ — ಒಂದು, ಎರಡು, ಮೂಳೆ ಮುರಿದ ಸದ್ದು, ಮತ್ತೆ.

ಮೊರಾಗ್ ಬಲಗೈಯಲ್ಲಿ ಆಕಾಶಕ್ಕೆ ಗುಂಡು ಹಾರಿಸಿದಳು.

"ಸಾಕು ಡಾರ್ಸಿ! ಒಂದೇ ದಿನಕ್ಕೆ ಇಬ್ಬರಿಗೆ ನೀನೇ ಜಡ್ಜ್ ಆಗ್ಬೇಡ."

ಡಾರ್ಸಿಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಆ ದೊಡ್ಡ ಮನುಷ್ಯ ಮುಖ ಮುಚ್ಚಿಕೊಂಡು ಅತ್ತ.

ಮೊರಾಗ್ ಹೊರಡುವಾಗಲೇ ಕರೆದಿದ್ದ ಪೂರ್ವದ ಠಾಣೆಯ ಇಬ್ಬರು ಪೇದೆಗಳು ಬಂದರು. ಕ್ಲೈವನಿಗೆ ಬೇಡಿ ಬಿತ್ತು. ಡಾರ್ಸಿಯ ಹೆಸರನ್ನೂ ಬರೆದುಕೊಂಡರು.

ಜೀಪಿನ ಗಾಜು ಪುಡಿಯಾಗಿತ್ತು. ಬಿಳಿ ಕಾರನ್ನು ಎಲೆನಿಯೇ ಓಡಿಸಿದಳು. ಹಿಂದಿನ ಸೀಟಿನಲ್ಲಿ ಆರಿಸ್, ಅವಳ ಪಕ್ಕದಲ್ಲಿ ಮುಂದೆ ಕೈಗೆ ನೊಲೀನಳ ಅಡುಗೆಬಟ್ಟೆ ಸುತ್ತಿಕೊಂಡ ಮೊರಾಗ್. ಫಿನ್ ಕೊಟ್ಟ ಮೂವತ್ತೆಂಟು ಪರ್ಸೆಂಟ್ ಸದ್ದಿಲ್ಲದೆ ಇಳಿಯುತ್ತಿತ್ತು. ಮೂವತ್ತೈದು. ಮೂವತ್ಮೂರು. ವಿಮಾನದ ಪಟ್ಟಿಯವರೆಗೆ ಧಾರಾಳವಾಗಿ ಸಾಕು.

ಎದುರಿಂದ ಒಂದು ಲಾರಿ ಬಂತು. ಚಾಲಕ ಸ್ಟಿಯರಿಂಗಿನಿಂದ ಬೆರಳೆತ್ತಿದ.

ಎಲೆನಿಯ ಎರಡೂ ಕೈ ಬಿಗಿಯಾದವು. ಮೊರಾಗಳ ಬೆರಳು ತೊಡೆಯ ಮೇಲೆ ತಾನಾಗಿಯೇ ಏಳಲು ಹೋಯಿತು. ಈ ದಾರಿಯ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ, ಅವಳು ಅದನ್ನು ಮಡಚಿಕೊಂಡಳು.