ವಾಲಿದ ಹರಳು

ಬೆಳಿಗ್ಗೆ ಹತ್ತೂಕಾಲಿಗೆ ಅರಮನೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಕೊಟ್ಟರು. ಹಳೇ ಫೋಟೋ ಜತೆ ಹೋಲಿಸಿ ನೋಡಿದರೆ, ಗಾಜಿನ ಪೆಟ್ಟಿಗೆಯಲ್ಲಿರುವ ರಾಣಿಯ ಮಾಣಿಕ್ಯದ ಹಾರ ನಕಲಿ. ಅಸಲಿ ಯಾವಾಗ ಹೋಯಿತೋ ತಿಳಿಯದು. ಹನ್ನೊಂದಕ್ಕೆ ಎಫ್‌ಐಆರ್ ಆಯಿತು.

"ಯಾರ ಮೇಲಾದರೂ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದಳು.

"ಕಾವಲುಗಾರ. ಇನ್ಯಾರು ಮೇಡಂ?"

ಕಳವಾದ ಕೂಡಲೇ ಮೇಲಿನವರ ಬೆರಳು ಇಳಿಜಾರು ಹುಡುಕುತ್ತದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಇದನ್ನು ಎಷ್ಟು ಸಲ ಕಂಡಿದ್ದಳೋ.

ದಫೇದಾರ ಆಗಲೇ ಟೋಪಿ ಹಾಕಿಕೊಂಡಿದ್ದ. "ಎತ್ತಾಕ್ಕೊಂಡು ಬರ್ಲಾ ಮೇಡಂ? ಎರಡು ಬಿಟ್ರೆ ಕಕ್ತಾನೆ."

"ಎರಡು ಬಿಟ್ರೆ ನೀವೂ ಕಕ್ತೀರಿ, ನಾನೇ ಕದ್ದೆ ಅಂತ. ಜೀಪ್ ತೆಗೀರಿ."

ವಸ್ತುಸಂಗ್ರಹಾಲಯದಲ್ಲಿ ಪಂಚರ ಎದುರು ನಕಲಿ ಹಾರವನ್ನು ಹೊರತೆಗೆದರು. ಆ ಹಳೇ ಫೋಟೋದಲ್ಲಿ ಕೆಳಸಾಲಿನ ನಾಲ್ಕನೇ ಹರಳು ಎಡಕ್ಕೆ ವಾಲಿತ್ತು. ಇದರಲ್ಲಿ ನೆಟ್ಟಗೆ ಕೂತಿತ್ತು. ಪೇಟೆಯಿಂದ ಕರೆಸಿದ ಅಕ್ಕಸಾಲಿಗ ಕಣ್ಣಿಗೆ ಭೂತಗನ್ನಡಿ ಒತ್ತಿ ಬಹಳ ಹೊತ್ತು ನೋಡಿದ.

"ಕೈ ಮುಗೀಬೇಕು ಮೇಡಂ. ಸವೆದ ಕೊಂಡಿ, ಸೀಳಿದ ಚಿನ್ನದ ಎಲೆ, ಎಲ್ಲಾ ಹಂಗಂಗೇ ಇಳಿಸಿದಾನೆ."

"ಹಾಗಾದ್ರೆ ಈ ಹರಳೊಂದನ್ನ ಗಮನಿಸಿಲ್ವಾ?"

"ಇಷ್ಟು ಕಂಡ ಕಣ್ಣು ಅದನ್ನ ಬಿಡತ್ತಾ? ಕಂಡಿದಾನೆ. ಮಾಡೋಕೆ ಮನಸ್ಸು ಬಂದಿಲ್ಲ."

ಒಡವೆ ಶುಚಿಗೊಳಿಸುವ ರಿಜಿಸ್ಟರಿನಲ್ಲಿ ಮೂವತ್ತೊಂದು ವರ್ಷ ಒಂದೇ ಸಹಿ: ಅಲ್ಲಿ ಎಲ್ಲರೂ ಪಾಲಿಶ್ ತಾತ ಎನ್ನುತ್ತಿದ್ದ ಹಳೇ ಕೆಲಸಗಾರರದು. ಕೊನೆಯದು ಹದಿನಾಲ್ಕು ತಿಂಗಳ ಹಿಂದೆ, ಅವರು ನಿವೃತ್ತರಾದ ದಿನ. ಕಡತದಲ್ಲಿ ಅದೇ ಕೈಬರಹದ ನಾಲ್ಕು ಅರ್ಜಿಗಳಿದ್ದವು. ಫಲಕದಲ್ಲಿ ಹಾರ ಮಾಡಿದವರ ಹೆಸರನ್ನೂ ಹಾಕಬೇಕೆಂಬ ಬೇಡಿಕೆ. ನಾಲ್ಕರ ಮೇಲೂ ಕೆಂಪು ಶಾಯಿ: 'ಅಗತ್ಯವಿಲ್ಲ.' ಫಲಕದಲ್ಲಿ ತೊಟ್ಟವಳ ಹೆಸರಿತ್ತು, ತೊಡಿಸಿದವನ ಬಿರುದುಗಳಿದ್ದವು, ತೂಕವೂ ಇತ್ತು. ದುಡಿದ ಕೈಯೊಂದಕ್ಕೆ ಜಾಗ ಸಾಲದೆ ಹೋಗಿತ್ತು.

ಸಂಜೆ ನಾಲ್ಕಕ್ಕೆ ಮೂರನೇ ಮಹಡಿಯ ಕೋಣೆಯ ಬಾಗಿಲು ಬಡಿದಾಗ ಪಾಲಿಶ್ ತಾತ ಯಾರೆಂದೂ ಕೇಳದೆ ತೆರೆದರು.

"ಬನ್ನಿ. ಕುರ್ಚಿ ಒಂದೇ ಇದೆ. ನೀವು ಕೂತ್ಕೊಳಮ್ಮಾ."

ಒಂದು ತಟ್ಟೆ, ಒಂದು ಲೋಟ. ಅವಳ ಕ್ವಾರ್ಟರ್ಸ್‌ನಲ್ಲೂ ಅಷ್ಟೇ. ಮೇಜಿನ ಮೇಲೆ, ಉಣ್ಣುವವನ ಎದುರಿಗೆ ಬರುವಂತೆ, ಮಡಚಿದ ಬಟ್ಟೆಯ ಮೇಲೆ ಹಾರವಿತ್ತು. ದಫೇದಾರ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಮಾರಲಿಲ್ವಾ?"

"ನಮ್ಮ ತಾತನ್ನ ಮಾರ್ತಾರೇನಮ್ಮಾ?"

"ಅವರು ಮಾಡಿದ್ದಾ ಇದು?"

"ಹ್ಞೂಂ. ಮೂವತ್ತೊಂದು ವರ್ಷ ಬಾಗಿಲು ಹಾಕ್ಕೊಂಡು ಇದರ ಜತೆ ಕೂತಿದೀನಿ. ನಿವೃತ್ತಿ ಆದ್ಮೇಲೆ ಟಿಕೆಟ್ ತಗೊಂಡು ಸಾಲಲ್ಲಿ ನಿಂತು ನೋಡ್ಬೇಕಂತೆ. ಮನೇಲಿ ಮಾತಾಡೋಕೆ ಇನ್ಯಾರಿದಾರೆ ನಂಗೆ?"

"ಆ ಹರಳೊಂದನ್ನ ಯಾಕೆ ನೆಟ್ಟಗೆ ಕೂರಿಸಿದ್ರಿ? ಅದರಿಂದ್ಲೇ ಸಿಕ್ಕಿಬಿದ್ರಿ."

ಮುದುಕ ಹಾರದ ಕಡೆ ನೋಡಿದರು. "ರಾಣಿ ಮದುವೆ ದಿನಕ್ಕೆ ಆಗ್ಲೇಬೇಕು ಅಂತ ಅರಮನೆಯೋರು ತಾತನ್ನ ಹಗಲೂರಾತ್ರಿ ದುಡಿಸಿದ್ರಂತೆ. ಕೊನೇ ಹರಳಿನ ಹೊತ್ತಿಗೆ ಕಣ್ಣು ಹೋಗಿತ್ತು. ತಡಕಿ ಕೂರಿಸಿದ. ಕುಂಟೋರ ಹಿಂದೆ ಕುಂಟ್ತಾ ನಡೆದ್ರೆ ಅಣಕ ಆಗಲ್ವಾ? ಅದೊಂದನ್ನ ಮಾಡೋಕೆ ಕೈ ಏಳಲಿಲ್ಲ."

ಐದೂಕಾಲಿಗೆ ಬಂಧನವಾಯಿತು. ಜಪ್ತಿ ಪಂಚನಾಮೆಯಲ್ಲಿ ವಸ್ತುವಿನ ವಿವರವನ್ನು ಅವಳೇ ಬರೆಯಲು ಕೂತಳು. ಎಳೆಗಳು ಎರಡು. ಕೆಳಸಾಲಿನ ನಾಲ್ಕನೇ ಮಾಣಿಕ್ಯ ಎಡಕ್ಕೆ ವಾಲಿದೆ. ಪೆನ್ನು ನಿಂತಿತು.

"ನಿಮ್ಮ ತಾತನ ಹೆಸರು ಪೂರ್ತಿ ಹೇಳಿ."

"ಅದಕ್ಕೆ ಕಾಲಂ ಇಲ್ವಲ್ಲ ಮೇಡಂ," ಎಂದ ದಫೇದಾರ.

"ಇದು ಕೋರ್ಟಿಗೆ ಹೋಗೋ ಕಾಗದ. ಯಾವ ಮೇಲ್ವಿಚಾರಕನೂ ಇದರ ಮೇಲೆ 'ಅಗತ್ಯವಿಲ್ಲ' ಅಂತ ಗೀಚೋ ಹಾಗಿಲ್ಲ."

ಮುದುಕ ಹೇಳಿದರು. ಅವಳು ತೂಕಕ್ಕಿಂತ ಮೊದಲು, 'ಮಾಡಿದವರು' ಎಂದು ಬರೆದು, ಮುಂದೆ ಆ ಹೆಸರನ್ನು ಬಿಡಿಸಿ ಬಿಡಿಸಿ ಬರೆದಳು. ನಿಯಮದಂತೆ ಪಂಚನಾಮೆಯನ್ನು ಗಟ್ಟಿಯಾಗಿ ಓದಿ ಹೇಳಿದಳು. ಜತೆಗೆ ಬಂದಿದ್ದ ಪಂಚರು ಸಹಿ ಹಾಕಿದರು.

ಮುದುಕ ಪೆನ್ನು ಹಿಡಿದುಕೊಂಡೇ ಕೂತಿದ್ದರು.

"ಸಹಿ ಹಾಕಿ ತಾತ."

"ಹಾಕ್ತೀನಮ್ಮಾ. ಆ ಸಾಲು ಮಾತ್ರ ಇನ್ನೊಂದ್ಸಲ ಓದ್ಬಿಡಿ. ನಂದಲ್ದೆ ಬೇರೆ ಬಾಯಲ್ಲಿ ಆ ಹೆಸರು ಕೇಳಿ ತುಂಬಾ ವರ್ಷ ಆಯ್ತು."